ಬಿಸಿಗುಹೆಗೆ ಬಂದ ಅತ್ತೆ

ಎರ್ಸಿಲಿಯಾ ನಮ್ಮೂರ ಬಿಸಿಗುಹೆಯ ಕೆಲಸಕ್ಕೆ ಸೇರಿದ್ದು ಮದುವೆಗೆ ಮುಂಚೆಯೇ, ಬಟ್ಟೆ ಒಗೆಯುವವಳಾಗಿ. ಅವಳ ತಾಯಿ ಅಲ್ಲೇ ಒಗೆಯುತ್ತಿದ್ದಳು, ತಾಯಿಯ ತಾಯಿಯೂ ಅಲ್ಲೇ ಒಗೆದಿದ್ದಳು. ಕೈಕಾಲು ನೋವಿಗೆಂದು ಗುಹೆಯ ಹಬೆಯಲ್ಲಿ ಕೂರಲು ಬರುವವರಿಗೆ ತಲೆಮುಸುಕಿರುವ ಬಿಳಿ ನಿಲುವಂಗಿ ಕೊಡುತ್ತಿದ್ದೆವು. ಒಳಗಿದ್ದು ಬಂದ ಮೇಲೆ ಅದನ್ನು ಹಿಂಡಬೇಕು, ಅಷ್ಟು ಬೆವರು. ದಿನಕ್ಕೆ ಅಂಥ ರಾಶಿ ರಾಶಿ ನಿಲುವಂಗಿ. ಎರ್ಸಿಲಿಯಾಳ ಮುಂಗೈ ಹುಡುಗಿಯಾಗಿದ್ದಾಗಲೇ ಗಂಡಸಿನ ಮುಂಗೈಯಂತಿತ್ತು.

ನಾನು ಅಲ್ಲಿ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದವಳು. ಟಸ್ಕನಿಯ ಮೊಂತೆಕಾಲ್ಡೊದಂಥ ಸಣ್ಣ ಊರಿನಲ್ಲಿ ಆ ಕಿಟಕಿಯ ಹಿಂದೆ ಕೂತವರಿಗೆ ಯಾರ ಮೊಣಕಾಲು ಹೇಗಿದೆ, ಯಾರ ಮನೆ ಹೇಗಿದೆ, ಎರಡೂ ತಿಳಿಯುತ್ತದೆ. ಕಾಣದೆ ಉಳಿದದ್ದನ್ನು ಎರ್ಸಿಲಿಯಾಳೇ ಹೇಳಿದಳು, ಬಿಡುವಿದ್ದಾಗ, ಹಿತ್ತಲ ಬೆಂಚಿನ ಮೇಲೆ ಬಟಾಣಿ ಸುಲಿಯುತ್ತ, ತುಂಡು ತುಂಡಾಗಿ.

ಗುಹೆ ಸುಣ್ಣಕಲ್ಲಿನ ಗುಡ್ಡದ ಹೊಟ್ಟೆಯಲ್ಲಿದೆ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಕಲ್ಲು ಒಡೆಯುವವರ ಸುತ್ತಿಗೆ ಟೊಳ್ಳಿಗೆ ತಗಲಿ, ಸಂದಿನಿಂದ ಹಬೆ ನುಗ್ಗಿತಂತೆ. ಒಳಗೆ ಒಂದರ ಹಿಂದೊಂದು ಮೂರು ಕೋಣೆ. ಮೊದಲನೆಯದಕ್ಕೆ ಹಜಾರ ಅನ್ನುತ್ತೇವೆ, ನಡುವಿನದಕ್ಕೆ ಅಡುಗೆಮನೆ, ಕೊನೆಯದಕ್ಕೆ ಒಲೆ. ಒಳಗೆ ಹೋದಷ್ಟೂ ಸೆಕೆ ಹೆಚ್ಚು. ಜನ ಹೆಚ್ಚಾಗಿ ಅಡುಗೆಮನೆಯಲ್ಲೇ ಬೆತ್ತದ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ ಕೂರುತ್ತಾರೆ. ಅಲ್ಲಿ ಜೋರಾಗಿ ಮಾತಾಡಬಾರದು. ಒಲೆಗೆ ಹೋಗುವವರು ಕಡಿಮೆ. ಹೋಗಬೇಕಾದರೆ ಡಾಕ್ಟರ ಅಪ್ಪಣೆ ಬೇಕು.

ಎರ್ಸಿಲಿಯಾ ಮದುವೆಯಾದದ್ದು ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತಿದ್ದ ನೆಲ್ಲೊನನ್ನು. ನೆಲ್ಲೊ ಸೌಮ್ಯ ಮನುಷ್ಯ. ಅವನ ತಾಯಿ ಸೆತ್ತೀಮಿಯಾ ಹಾಗಲ್ಲ. ಗಂಡ ಬೇಗ ಸತ್ತಿದ್ದ. ಕಾರ್ಖಾನೆಗಳಿಂದ ತುಂಡು ಚರ್ಮ ತಂದು, ಕಿಟಕಿಯ ಪಕ್ಕ ಕೂತು ಬೂಟಿನ ಮೇಲ್ಭಾಗ ಹೊಲಿದು ಹೊಲಿದು ಮಗನನ್ನು ಬೆಳೆಸಿದ್ದಳು. ನೆಲ್ಲೊಗೆ ಕಾರ್ಖಾನೆಯ ಮಾಲೀಕನ ಮಗಳನ್ನು ತರಬೇಕೆಂಬ ಆಸೆ ಆಕೆಗೆ. ಮಾಲೀಕನಿಗೆ ಅಂಥ ಆಸೆಯೇನೂ ಇರಲಿಲ್ಲ, ಆದರೆ ಅದು ಬೇರೆ ಮಾತು.

"ಕಂಡೋರ ಬೆವರು ಒಗೆಯೋಳು ಬೇಕಾಗಿತ್ತೇನೋ ನನ್ನ ಮನೆಗೆ?" ಎಂದು ಮಗನನ್ನು ಕೇಳಿದಳಂತೆ.

"ನಮ್ಮದನ್ನೂ ಒಗೀತಾಳೆ ಬಿಡಮ್ಮಾ," ಎಂದ ನೆಲ್ಲೊ.

ಮನೆ ಎರಡು ಮಹಡಿಯದು. ಮೇಲೆ ಸೆತ್ತೀಮಿಯಾ, ಕೆಳಗೆ ಗಂಡ ಹೆಂಡತಿ. ಭಾನುವಾರ ಮಾತ್ರ ಮುದುಕಿ ಕೆಳಗಿಳಿದು ಮಗನ ಜೊತೆ ಉಣ್ಣುತ್ತಿದ್ದಳು. ಮೊದಲ ಭಾನುವಾರ ಎರ್ಸಿಲಿಯಾ ಹುರುಳಿಕಾಯಿ ಬೀಜ, ಎಲೆಕೋಸು, ಹಳೇ ಬ್ರೆಡ್ಡು ಹಾಕಿ ಸೂಪು ಮಾಡಿದ್ದಳು. ಅತ್ತೆ ಒಂದು ಚಮಚ ಬಾಯಿಗಿಟ್ಟು ಚಮಚ ಕೆಳಗಿಟ್ಟಳು.

"ನೆಲ್ಲೊ, ನಿನ್ನ ಹೆಂಡ್ತಿ ಬಟ್ಟೆ ಒಗೆದ ನೀರು ಚೆಲ್ಲೋದು ಮರೆತು ಹಾಗೇ ಕುದಿಸಿಬಿಟ್ಟಿದ್ದಾಳೆ ಕಣೋ."

"ಹೌದು ಅತ್ತೆ," ಎಂದಳು ಎರ್ಸಿಲಿಯಾ. "ಸೋಪೂ ಇದೆ ಅದರಲ್ಲಿ. ನಿಮ್ಮ ನಾಲಿಗೆಗೆ ಒಳ್ಳೇದು."

ನೆಲ್ಲೊ ತಲೆ ಎತ್ತದೆ ಉಂಡ. ಅವನು ಹಾಗೆ ತಲೆ ಎತ್ತದೆ ಉಣ್ಣುವುದನ್ನು ಅವತ್ತಿನಿಂದ ರೂಢಿ ಮಾಡಿಕೊಂಡ.

ಮದುವೆಯಾದ ಎರಡನೇ ಚಳಿಗಾಲದಲ್ಲಿ ಎರ್ಸಿಲಿಯಾಗೆ ಗಂಡು ಮಗು ಹುಟ್ಟಿತು; ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದು ಅವಳು ಕೆಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಬೀದಿಯ ಹೆಂಗಸರೆಲ್ಲ ಬಂದು ಹೋದರು. ಮೇಲಿನ ಮಹಡಿಯಿಂದ ಸೆತ್ತೀಮಿಯಾ ಇಳಿಯಲಿಲ್ಲ. ನೆತ್ತಿಯ ಮೇಲೆ ಹೊಲಿಗೆ ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು. ಅದನ್ನು ಎರ್ಸಿಲಿಯಾ ಮರೆಯಲಿಲ್ಲ. ಮುಂದೆ ಮಗಳು ಲೊರೆತ್ತಾ ಹುಟ್ಟಿದಳು, ಅಜ್ಜಿಗೆ ಮೊಮ್ಮಗಳೆಂದರೆ ಜೀವ. ಆದರೂ ಅತ್ತೆ ಸೊಸೆಯ ಮಾತೆಲ್ಲ ಆ ಮಗುವಿನ ಮೂಲಕವೇ. "ನಿಮ್ಮಮ್ಮನಿಗೆ ಹೇಳು, ಬಾಗಿಲು ಹೀಗೆ ಬಡೀಬೇಡ ಅಂತ." "ನಿಮ್ಮಜ್ಜಿಗೆ ಹೇಳು, ಕಿವಿಗೆ ಹತ್ತಿ ಇಟ್ಕೊಳ್ಳಿ ಅಂತ." ಲೊರೆತ್ತಾ ಅಲ್ಲೇ ಇಬ್ಬರ ನಡುವೆ ನಿಂತು ಬ್ರೆಡ್ಡು ತಿನ್ನುತ್ತಿರುತ್ತಿದ್ದಳು.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಎರ್ಸಿಲಿಯಾಗೆ ಒಗೆಯುವ ಕೋಣೆಯಿಂದ ಗುಹೆಯೊಳಗಿನ ಕೆಲಸಕ್ಕೆ ಬಡ್ತಿ ಸಿಕ್ಕಿತು. ಬೆಳಗಿನ ಹೊತ್ತು ಹೆಂಗಸರ ಪಾಳಿ ಅವಳದು. ಬಂದವರಿಗೆ ನಿಲುವಂಗಿ ತೊಡಿಸುವುದು, ಜಾರುವ ನೆಲದಲ್ಲಿ ಕೈ ಹಿಡಿದು ಒಳಗೆ ಕರೆದೊಯ್ಯುವುದು, ಮುಖ ಒರೆಸುವುದು, ನಾಡಿ ನೋಡುವುದು, ಹೊತ್ತಾದ ಮೇಲೆ ಹೊರಗೆ ತಂದು ಕಂಬಳಿ ಸುತ್ತಿ ಮಲಗಿಸುವುದು. ಬರುವವರು ಹೆಚ್ಚಾಗಿ ಪರವೂರಿನವರು, ಪ್ರಾತೊ, ಲಿವೊರ್ನೊ ಕಡೆಯವರು. ಊರವರು ಬರುವುದು ಅಪರೂಪ. ನಮಗೆ ಸೆಕೆ ಮನೆಯಲ್ಲೇ ಸಾಕಷ್ಟಿರುತ್ತದೆ.

ಅಷ್ಟರಲ್ಲಿ ಸೆತ್ತೀಮಿಯಾಳ ಬೆರಳು ಸೊಟ್ಟಗಾಗಿದ್ದವು. ಮೊಣಕಾಲು ಮಡಿಸಲಾಗುತ್ತಿರಲಿಲ್ಲ. ಪ್ರತಿ ವಸಂತದಲ್ಲಿ ಎರಡು ವಾರ ಗುಹೆಯಲ್ಲಿ ಕೂರಬೇಕೆಂದು ಡಾಕ್ಟರು ಹೇಳಿದರೆ ಆಕೆ ಒಪ್ಪಲಿಲ್ಲ. "ಅವಳ ಕೈಲಿ ಬಟ್ಟೆ ಬಿಚ್ಚಿಸಿಕೊಳ್ಳೋಕಿಂತ ಕಾಲು ಕತ್ತರಿಸಿ ಬಿಸಾಕ್ತೀನಿ," ಎಂದಳು ಮಗನಿಗೆ. ಒಂದು ಚಳಿಗಾಲ ಸೂಜಿ ಹಿಡಿಯಲಾಗದೆ ಕೈಯಿಂದ ಬಿತ್ತು. ಬಗ್ಗಿ ಎತ್ತಿಕೊಳ್ಳಲೂ ಆಗಲಿಲ್ಲ. ಆ ಏಪ್ರಿಲ್ಲಿನಲ್ಲಿ ಬಂದಳು.

ನನ್ನ ಕಿಟಕಿಯ ಮುಂದೆ ನಿಂತಾಗ ಆಕೆ ಕಪ್ಪು ಕೋಟು ಹಾಕಿ, ಚರ್ಚಿಗೆ ಹೋಗುವಾಗ ಹಿಡಿಯುವ ಕೈಚೀಲ ಹಿಡಿದಿದ್ದಳು. ನನ್ನನ್ನು ತೊಟ್ಟಿಲಲ್ಲಿ ನೋಡಿದವಳು. "ನಮಸ್ಕಾರ ಸಿನ್ಯೋರಾ, ನನ್ನ ಹೆಸರಲ್ಲಿ ಚೀಟಿ ಇರಬೇಕು, ಸ್ವಲ್ಪ ನೋಡ್ತೀರಾ?" ಎಂದಳು. ಗುರುತಿಲ್ಲದ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ; ನಾನು ಹಿಂದೆ ತಿರುಗಿ ನೋಡಿದೆ, ಯಾರಿಗೆ ಹೇಳುತ್ತಿದ್ದಾಳೆಂದು.

ಒಳಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಎರ್ಸಿಲಿಯಾ ನಿಲುವಂಗಿ ಹಿಡಿದು ನಿಂತಿದ್ದಳು. ರಾತ್ರಿಯೆಲ್ಲ ಉತ್ತರಗಳನ್ನು ಕಟ್ಟಿಕೊಂಡು ಬಂದಿದ್ದಳಂತೆ, ಅತ್ತೆ ಹೀಗಂದರೆ ಹೀಗೆ, ಹಾಗಂದರೆ ಹಾಗೆ. ಸೆತ್ತೀಮಿಯಾ ಒಳಗೆ ಬಂದು, ಅವಳ ಮುಖವನ್ನು ನೆಟ್ಟಗೆ ನೋಡಿ ಹೇಳಿದಳು:

"ನಾನು ಹೊಸಬಳು ಸಿನ್ಯೋರಾ. ಇಲ್ಲಿ ಹೇಗೆ ಏನು ಅಂತ ಗೊತ್ತಿಲ್ಲ. ನೀವೇ ಹೇಳಿಕೊಡಬೇಕು."

ಎರ್ಸಿಲಿಯಾ ಮೊದಲು ಮುದುಕಿಗೆ ಮರುಳು ಹಿಡಿಯಿತು ಅಂದುಕೊಂಡಳು. ಆಮೇಲೆ ಆಕೆಯ ಕಣ್ಣು ನೋಡಿದಳು. ಕಣ್ಣು ಎಂದಿನಂತೆ ಚುರುಕಾಗಿಯೇ ಇತ್ತು. ಆದರೆ ಕುತ್ತಿಗೆಯ ಗುಂಡಿ ಬಿಚ್ಚಲು ಆ ಸೊಟ್ಟ ಬೆರಳುಗಳಿಂದ ಆಗುತ್ತಿರಲಿಲ್ಲ.

"ಅದಕ್ಕೇನಂತೆ ಸಿನ್ಯೋರಾ," ಎಂದಳು. "ಕೂತ್ಕೊಳ್ಳಿ. ಮೊದಲು ಬೂಟು ಬಿಚ್ಚೋಣ."

ಹಾಗೆ ಶುರುವಾಯಿತು. ಗುಹೆಯಲ್ಲಿ ಅವರಿಬ್ಬರೂ ಪರಿಚಯವಿಲ್ಲದವರು. ಬೇರೆ ಹೆಂಗಸರು ಹೋಗುವಾಗ ತಟ್ಟೆಯಲ್ಲಿ ಒಂದು ನಾಣ್ಯ ಹಾಕುವಂತೆ ಸೆತ್ತೀಮಿಯಾಳೂ ಹಾಕುತ್ತಿದ್ದಳು, ಇರುವುದರಲ್ಲೇ ಚಿಕ್ಕದನ್ನು. ಮಧ್ಯಾಹ್ನ ಒಂದೇ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದರು, ಅತ್ತೆ ಮುಂದಿನ ಸೀಟಿನಲ್ಲಿ, ಸೊಸೆ ಹಿಂದಿನದರಲ್ಲಿ. ಬಸ್ಸಿಳಿದು ಬಾಗಿಲು ದಾಟಿದೊಡನೆ, "ಲೊರೆತ್ತಾ, ನಿಮ್ಮಮ್ಮನಿಗೆ ಹೇಳು, ಮೆಟ್ಟಿಲು ಗುಡಿಸಿ ಯಾವ ಕಾಲವಾಯ್ತೋ ಅಂತ."

ಮೊದಲ ವಾರ ಅವರು ಗುಹೆಯಲ್ಲಿ ಮಾತಾಡಿದ್ದು ಸೆಕೆಯ ಬಗ್ಗೆ, ಮೊಣಕಾಲಿನ ಬಗ್ಗೆ. ಎರಡನೇ ವಾರ ಸೆತ್ತೀಮಿಯಾ, ಅಡುಗೆಮನೆಯಲ್ಲಿ ಜನ ಜಾಸ್ತಿ, ಒಲೆಯಲ್ಲಿ ಕೂರುತ್ತೇನೆಂದಳು. ಡಾಕ್ಟರು ಆಕೆಗೆ ಅಪ್ಪಣೆ ಕೊಟ್ಟಿರಲಿಲ್ಲ. ಎರ್ಸಿಲಿಯಾ ಒಂದು ಗಳಿಗೆ ಯೋಚಿಸಿ, ಸ್ವಲ್ಪ ಹೊತ್ತಿಗೆ ತಾನೇ ಎಂದು ಕರೆದುಕೊಂಡು ಹೋದಳು. ಒಲೆಯಲ್ಲಿ ಯಾರೂ ಇರಲಿಲ್ಲ. ಒಂದು ಮಂದ ದೀಪ, ಗೋಡೆಯಿಂದ ತೊಟ್ಟಿಕ್ಕುವ ನೀರು.

"ನಿಮಗೆ ಮದುವೆಯಾಗಿದೆಯಾ ಸಿನ್ಯೋರಾ?" ಎಂದು ಕೇಳಿದಳು ಸೆತ್ತೀಮಿಯಾ.

"ಆಗಿದೆ."

"ಅತ್ತೆ ಇದ್ದಾಳಾ?"

"ಇದ್ದಾರೆ. ಮಹಡಿ ಮೇಲೆ."

"ಹೇಗೆ?"

ಎರ್ಸಿಲಿಯಾ ಆಕೆಯ ಹಣೆ ಒರೆಸುತ್ತ ಹೇಳಿದಳು: "ನಾನು ಮಾಡಿದ ಸೂಪನ್ನ ಒಗೆದ ನೀರು ಅಂತಾರೆ."

"ಒಗೆದ ನೀರಿನ ಹಾಗೇ ಇರುತ್ತೋ ಏನೋ."

"ಇರಬಹುದು ಸಿನ್ಯೋರಾ. ನಮ್ಮಮ್ಮ ಹೊತ್ತು ಹುಟ್ಟೋ ಮುಂಚೆ ಕೆಲಸಕ್ಕೆ ಹೋಗೋರು. ನನಗೆ ಅಡುಗೆ ಯಾರೂ ಕಲಿಸಲಿಲ್ಲ. ಕಲಿಸಬಹುದಾಗಿದ್ದೋರು ಚಮಚ ಕೆಳಗಿಟ್ಟರು."

ಸೆತ್ತೀಮಿಯಾ ನಕ್ಕಳಂತೆ. ಆಕೆ ನಕ್ಕಿದ್ದನ್ನು ಎರ್ಸಿಲಿಯಾ ನೋಡಿದ್ದು ಅದೇ ಮೊದಲು. ಕೆಳಗಿನ ಸಾಲಿನಲ್ಲಿ ಎರಡು ಹಲ್ಲಿಲ್ಲ ಎಂಬುದು ಗೊತ್ತಾದದ್ದೂ ಆವತ್ತೇ.

"ನನಗೂ ಒಬ್ಬಳು ಸೊಸೆ ಇದ್ದಾಳೆ," ಎಂದಳು ಮುದುಕಿ. "ಬಾಯಿ ಜೋರು. ಕೆಲಸದಲ್ಲಿ ಎತ್ತು. ಅವಳ ಮುಂದೆ ನನ್ನ ಮಗ ಬಡಕಲು ಕಾಣ್ತಾನೆ."

"ಅವಳಿಗೆ ಇದನ್ನ ಹೇಳಿದ್ದೀರಾ?"

"ಹುಚ್ಚಾ ನಿಮಗೆ? ಹೇಳಿದ್ರೆ ತಲೆ ಮೇಲೆ ಕೂರ್ತಾಳೆ."

ಮಾರನೇ ವರ್ಷವೂ ಹೀಗೇ ನಡೆಯಿತು. ವಸಂತದ ಎರಡು ವಾರ ಒಲೆಯಲ್ಲಿ ಮಾತು, ಉಳಿದ ದಿನವೆಲ್ಲ ಮನೆಯಲ್ಲಿ ಮೊದಲಿನಂತೆ. ಮಾರ್ಚ್ ಕಳೆಯುತ್ತಿದ್ದಂತೆ ಎರ್ಸಿಲಿಯಾ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ್ದನ್ನು ನಾನೇ ಕಂಡಿದ್ದೇನೆ.

ಮೂರನೇ ವಸಂತದಲ್ಲಿ, ಒಂದು ಬೆಳಿಗ್ಗೆ, ಒಲೆಯಲ್ಲಿ ಸೆತ್ತೀಮಿಯಾ ತಾನಾಗಿಯೇ ಹೇಳಿದಳು.

"ನನ್ನ ಸೊಸೆಗೆ ಮೊದಲನೇದು ಗಂಡು ಮಗು. ಉಳೀಲಿಲ್ಲ. ನಾನು ಅವಳನ್ನ ನೋಡೋಕೆ ಕೆಳಗೆ ಹೋಗಲಿಲ್ಲ."

ಎರ್ಸಿಲಿಯಾಳ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಅದನ್ನು ಹಿಂಡಿದಳು, ಮತ್ತೆ ಹಿಂಡಿದಳು.

"ಯಾಕೆ ಸಿನ್ಯೋರಾ?"

"ನಾನು ಇಬ್ಬರನ್ನ ಮಣ್ಣು ಮಾಡಿದ್ದೀನಿ, ನನ್ನ ಮಗನಿಗಿಂತ ಮುಂಚೆ. ಆವಾಗ ಊರ ಹೆಂಗಸರು ಬಂದು, ದೇವರು ಕೊಟ್ಟ ದೇವರು ತಗೊಂಡ, ಇನ್ನೂ ವಯಸ್ಸಿದೆ, ಅಂತೆಲ್ಲ ಅಂದ್ರು. ಒಬ್ಬೊಬ್ಬರ ಕೂದಲು ಹಿಡಿದು ಆಚೆಗೆ ದಬ್ಬಬೇಕು ಅನ್ನಿಸಿತ್ತು. ಇವಳಿಗೂ ಹಾಗೇ ಅನ್ನಿಸ್ತಿರಬೇಕು, ಬಿಟ್ಟುಬಿಡೋಣ ಅಂತ ಹೊಲೀತಾ ಕೂತೆ. ಅವಳು, ಮುದುಕಿಗೆ ನಾನು ಲೆಕ್ಕಕ್ಕಿಲ್ಲ ಅಂದುಕೊಂಡಳು."

"ಹಾಗಂದುಕೊಂಡಿದ್ದು ತಪ್ಪಾ ಸಿನ್ಯೋರಾ? ಮೆಷಿನ್ ಸದ್ದು ಕೇಳ್ತಾ ಮಲಗಿರೋಳು ಇನ್ನೇನು ಅಂದ್ಕೋಬೇಕು?"

ಸೆತ್ತೀಮಿಯಾ ಗೋಡೆ ನೋಡುತ್ತಿದ್ದಳು.

"ತಪ್ಪಲ್ಲ," ಎಂದಳು.

ಅಷ್ಟೇ ಅಂದದ್ದು. ಇಬ್ಬರೂ ಅಲ್ಲೇ ಕೂತರು. ಎಬ್ಬಿಸಿ ಹೊರಗೆ ಕರೆದೊಯ್ಯಬೇಕಾದ ಹೊತ್ತು ಯಾವಾಗಲೋ ದಾಟಿತ್ತು. ಅದನ್ನು ನೋಡಿಕೊಳ್ಳುವುದೇ ಎರ್ಸಿಲಿಯಾಳ ಕೆಲಸ, ಆವತ್ತು ನೋಡಲಿಲ್ಲ. ಮುದುಕಿಯ ತಲೆ ಒಂದು ಕಡೆಗೆ ವಾಲಿದಾಗ, ಅಳುತ್ತಿದ್ದಾಳೆಂದುಕೊಂಡಳು. ಕುರ್ಚಿಯಿಂದ ಜಾರಿದಾಗಲೇ ತಿಳಿದದ್ದು.

ಎರ್ಸಿಲಿಯಾ ಯಾರನ್ನೂ ಕೂಗಲಿಲ್ಲ. ಅತ್ತೆಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು, ಆ ಜಾರುವ ದಾರಿಯಲ್ಲಿ, ಅಡುಗೆಮನೆಯ ಕುರ್ಚಿಗಳ ನಡುವೆ ನುಗ್ಗಿ, ಹಜಾರ ದಾಟಿ ಹೊರಗೆ ಬಂದಳು. ನಾನು ಕಿಟಕಿ ಬಿಟ್ಟು ಓಡಿದೆ. ಮುದುಕಿಯ ತುಟಿ ನೀಲಿಯಾಗಿತ್ತು. ಪೀಸಾದಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ಪಚೀನಿ ಚುಚ್ಚುಮದ್ದು ಕೊಟ್ಟರು, ಕಾಲು ಎತ್ತಿ ಹಿಡಿಯಲು ಹೇಳಿದರು. ಸುಮಾರು ಹೊತ್ತಿನ ಮೇಲೆ ಉಸಿರು ಸರಿಯಾಯಿತು.

"ಈಕೆಗೆ ಒಳಕೋಣೆಗೆ ಹೋಗೋಕೆ ಯಾರು ಹೇಳಿದ್ದು?" ಎಂದು ಡಾಕ್ಟರು ಕೇಳಿದರು.

ಮಂಚದ ಮೇಲಿನಿಂದ ಸಣ್ಣ ದನಿ ಬಂತು. "ನಾನೇ ಹೋಗಿದ್ದು. ಈ ಸಿನ್ಯೋರಾ ಬೇಡ ಅಂತ ಹೇಳಿದ್ರು."

"ಸುಳ್ಳು," ಎಂದಳು ಎರ್ಸಿಲಿಯಾ. "ನಾನೇ ಕರ್ಕೊಂಡು ಹೋಗಿದ್ದು."

"ಮನೆಯವರು ಯಾರಾದ್ರೂ ಇದ್ದಾರಾ? ಹೇಳಿ ಕಳಿಸಬೇಕು."

ಎರ್ಸಿಲಿಯಾಳ ಮೈಯಿಂದ ನೀರಿಳಿಯುತ್ತಿತ್ತು. ಸೆತ್ತೀಮಿಯಾ ಕಣ್ಣು ಮುಚ್ಚಿದ್ದಳು, ಆದರೆ ಸೊಸೆ ಏನನ್ನುತ್ತಾಳೋ ಎಂದು ಕಿವಿಗೊಟ್ಟಿದ್ದಾಳೆ ಎಂಬುದು ನನಗೂ ತಿಳಿಯಿತು.

"ನಾನೇ ಇದ್ದೀನಿ ಡಾಕ್ಟರೇ," ಎಂದಳು ಎರ್ಸಿಲಿಯಾ. "ಇವರು ನನ್ನ ಅತ್ತೆ."

ಮುದುಕಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ನೆಲ್ಲೊ ಕಾರ್ಖಾನೆಯಿಂದ ಬಂದು ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದ. ಅರ್ಧ ದಾರಿಯಲ್ಲಿ ಸೆತ್ತೀಮಿಯಾ ಮುಂದಿನ ಸೀಟಿನಿಂದ, ತಿರುಗಿ ನೋಡದೆ, ಸೊಸೆಗೆ ನೇರವಾಗಿಯೇ ಹೇಳಿದಳಂತೆ:

"ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿರೋಕೆ ನಿನಗೆ ಏನಾಗಿತ್ತೇ? ನನಗೆ ಅಲ್ಲಿ ಒಬ್ಬರು ಪರಿಚಯದವರಿದ್ದರು. ಅವರೂ ಹೋದರು."

"ಯಾರಮ್ಮಾ ಅದು?" ಎಂದ ನೆಲ್ಲೊ.

"ನಿನಗೆ ಗೊತ್ತಿಲ್ಲ ಬಿಡು. ರಸ್ತೆ ನೋಡ್ಕೊಂಡು ಓಡಿಸು."

ಆ ಹಂಗಾಮು ಮುಗಿಯುವವರೆಗೆ ಎರ್ಸಿಲಿಯಾಳನ್ನು ಮತ್ತೆ ಒಗೆಯುವ ಕೋಣೆಗೆ ಹಾಕಿದರು. ಅವಳು ಅದಕ್ಕೆ ಎದುರಾಡಲಿಲ್ಲ. ಸೆತ್ತೀಮಿಯಾಳ ಹೃದಯ ಸರಿಯಿಲ್ಲ, ಇನ್ನು ಗುಹೆಯ ಹತ್ತಿರ ಸುಳಿಯಬಾರದು ಎಂದರು ಡಾಕ್ಟರು. ಹೀಗೆ ಅವರ ಮಾತಿಗೆ ಜಾಗವೇ ಇಲ್ಲದಂತಾಯಿತು.

ಎರ್ಸಿಲಿಯಾ ಒಂದು ಸಲ ಪ್ರಯತ್ನಪಟ್ಟಳು. ಬೇಸಿಗೆಯ ಒಂದು ಮಧ್ಯಾಹ್ನ ನೆಲ್ಲೊ ಮನೆಯಲ್ಲಿರಲಿಲ್ಲ, ಲೊರೆತ್ತಾ ಆಡಲು ಹೋಗಿದ್ದಳು. ಅವಳು ಬಿಸಿನೀರಿನ ಬಟ್ಟಲು, ಟವೆಲು ಹಿಡಿದು ಮಹಡಿ ಹತ್ತಿದಳು.

"ಸಿನ್ಯೋರಾ, ಮೊಣಕಾಲಿಗೆ ಸ್ವಲ್ಪ ಶಾಖ ಕೊಡಲಾ?"

ಸೆತ್ತೀಮಿಯಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನಿನಗೆ ತಲೆಗಿಲೆ ಕೆಟ್ಟಿದೆಯೇನೇ? ಯಾರು ಸಿನ್ಯೋರಾ? ಬಟ್ಟಲು ಅಲ್ಲಿಟ್ಟು ಹೋಗು."

ಎರ್ಸಿಲಿಯಾ ಬಟ್ಟಲು ಇಟ್ಟು ಬಂದಳು. ಸಂಜೆ ನೋಡಿದರೆ ಬಟ್ಟಲು ಖಾಲಿಯಾಗಿತ್ತು, ಟವೆಲು ಒದ್ದೆಯಾಗಿತ್ತು. ಮಾರನೇ ದಿನವೂ ಇಟ್ಟು ಬಂದಳು. ಅಲ್ಲಿಂದ ಮುಂದೆ ಅದು ದಿನಚರಿಯಾಯಿತು. ಮಾತಿಲ್ಲ.

ಒಂದು ಬದಲಾವಣೆ ಮಾತ್ರ ಆಯಿತು, ಅದನ್ನು ಬದಲಾವಣೆ ಅನ್ನಬಹುದಾದರೆ. ಲೊರೆತ್ತಾಳ ಮೂಲಕ ಹೇಳಿ ಕಳಿಸುವುದನ್ನು ಸೆತ್ತೀಮಿಯಾ ಬಿಟ್ಟಳು. ಬೈಯುವುದನ್ನು ಈಗ ನೇರವಾಗಿ ಬೈಯುತ್ತಿದ್ದಳು. ಸೊಸೆಯೂ ನೇರವಾಗಿ ತಿರುಗಿ ಹೇಳುತ್ತಿದ್ದಳು. ಬೀದಿಯವರಿಗೆ ಅವರ ಜಗಳ ಹೆಚ್ಚಾದಂತೆ ಕಂಡಿತು. ನೆಲ್ಲೊ ಕೂಡ, "ಇಬ್ಬರಿಗೂ ವಯಸ್ಸಾದಂತೆ ಹುಚ್ಚು ಜಾಸ್ತಿಯಾಗ್ತಿದೆ," ಎಂದು ನನ್ನ ಹತ್ತಿರ ಗೊಣಗಿದ. ಎರ್ಸಿಲಿಯಾ ಮಾತ್ರ ಹಾಗೆ ಹೇಳಲಿಲ್ಲ.

ಮುದುಕಿ ಆಮೇಲೂ ಆರೇಳು ವರ್ಷ ಬದುಕಿದಳು. ಕೊನೆಯ ಚಳಿಗಾಲ ಹಾಸಿಗೆ ಹಿಡಿದಾಗ, ಸೊಸೆಯೇ ಕೆಳಗಿನ ಕೋಣೆಗೆ ಎತ್ತಿಕೊಂಡು ಬಂದು ಮಲಗಿಸಿದಳು. ದಿನಾ ಮೈ ಒರೆಸುತ್ತಿದ್ದಳು. "ನೀರು ಬಿಸಿ ಸಾಲದು ಕಣೇ," ಎನ್ನುತ್ತಿದ್ದಳು ಸೆತ್ತೀಮಿಯಾ. "ಸಾಲುತ್ತೆ, ಸುಮ್ನಿರಿ ಅತ್ತೆ," ಎನ್ನುತ್ತಿದ್ದಳು ಇವಳು. ಉಳಿಯದೆ ಹೋದ ಆ ಮಗುವಿನ ಮಾತು ಮತ್ತೆ ಬಂತಾ ಎಂದು ನಾನು ಒಮ್ಮೆ ಕೇಳಿದೆ.

"ಇಲ್ಲ," ಎಂದಳು ಎರ್ಸಿಲಿಯಾ. "ಅದು ಒಂದು ಸಲ ಆಡೋ ಮಾತು. ಆಡಿ ಆಯ್ತಲ್ಲ."

ಫೆಬ್ರವರಿಯಲ್ಲಿ ಸೆತ್ತೀಮಿಯಾ ತೀರಿಕೊಂಡಳು. ನೆಲ್ಲೊ ಬಹಳ ಅತ್ತ. ಎರ್ಸಿಲಿಯಾ ಅತ್ತದ್ದನ್ನು ನಾನು ನೋಡಲಿಲ್ಲ. ಬಂದವರಿಗೆಲ್ಲ ಕಾಫಿ ಕೊಡುತ್ತ ಓಡಾಡಿಕೊಂಡಿದ್ದಳು. ಯಾರೋ ಹೆಂಗಸು, ಇನ್ನಾದರೂ ನಿನಗೆ ನೆಮ್ಮದಿ ಎಂದು ಅವಳ ಭುಜ ತಟ್ಟಿದಳು. ಆ ಹೆಂಗಸಿನ ಕೈಯಿಂದ ಕಾಫಿ ಲೋಟವನ್ನು, ಇನ್ನೂ ಅರ್ಧ ಇರುವಾಗಲೇ, ಎರ್ಸಿಲಿಯಾ ತೆಗೆದುಕೊಂಡು ಒಳಗೆ ಹೋದಳು.

ಗುಹೆಯನ್ನು ಆಮೇಲೆ ಹೊರಗಿನವರು ಕೊಂಡರು. ಪಕ್ಕದಲ್ಲಿ ದೊಡ್ಡ ಹೋಟೆಲು ಕಟ್ಟಿಸಿದರು, ಬೆತ್ತದ ಕುರ್ಚಿ ತೆಗೆದು ಪ್ಲಾಸ್ಟಿಕ್ಕಿನವನ್ನು ಹಾಕಿಸಿದರು. ಎರ್ಸಿಲಿಯಾ ನಿವೃತ್ತಳಾದಾಗ ಒಂದು ಗಡಿಯಾರ ಕೊಟ್ಟು, ಒಂದು ವಾರ ಗುಹೆಯಲ್ಲಿ ಅತಿಥಿಯಾಗಿ ಕೂರಲು ಪಾಸು ಕೊಟ್ಟರು. ಅಷ್ಟು ವರ್ಷ ಅಲ್ಲಿ ದುಡಿದವಳು ಒಂದು ದಿನವೂ ಬಿಳಿ ನಿಲುವಂಗಿ ತೊಟ್ಟಿರಲಿಲ್ಲ. ಮೊದಲ ದಿನ ಹೋದಳು. ಹಜಾರದಲ್ಲಿ ಲಿವೊರ್ನೊದ ಹೆಂಗಸೊಬ್ಬಳು ಪಕ್ಕಕ್ಕೆ ಬಂದು ಕೂತು, ದೋಣಿ ಮಾರಿಬಿಟ್ಟ ತನ್ನ ಗಂಡನ ಕಥೆ ಶುರುಮಾಡಿದಳಂತೆ. ಎರ್ಸಿಲಿಯಾ ಪೂರ್ತಿ ಕೇಳಿದಳು. ಎರಡನೇ ದಿನ ಹೋಗಲಿಲ್ಲ. ನಾನು ಹೋಗಿ ನೋಡಿದರೆ ಹಿತ್ತಲಲ್ಲಿ ಈರುಳ್ಳಿ ನಾಟಿ ಮಾಡುತ್ತಿದ್ದಳು.

"ಯಾಕೆ ಹೋಗಲಿಲ್ವೇ?" ಎಂದೆ.

"ಅಯ್ಯೋ, ವಿಪರೀತ ಸೆಕೆ," ಎಂದಳು. "ಅದು ಹೇಗೆ ಕೂರ್ತಾರೋ ಜನ. ಬಾ, ಆ ಕಡೆ ಸಾಲು ನೀನು ಹಿಡಿ."